ಹಾಡು ಹಾಕಿದ್ರೆ ಜಾಂಬಿ ಬರ್ತಾವೆ, ಹಾಕದಿದ್ರೆ ಹೆಲಿಕಾಪ್ಟರ್ ಬರಲ್ಲ

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಇವತ್ತಿನ ವಿಷಯಾನೇ ಸೌಂಡು.

ಜಾಂಬಿ ಗೇಮ್‌ಗಳಲ್ಲಿ ಪಾಳುಬಿದ್ದ ಆಸ್ಪತ್ರೆ, ಮಾಲ್ ಎಲ್ಲ ನೋಡಿರ್ತೀರಿ. ನನಗೆ ಅದಕ್ಕಿಂತ ಭಯ ಹುಟ್ಟಿಸೋದು ಖಾಲಿ ನೈಟ್‌ಕ್ಲಬ್, ಖಾಲಿ ಕಾನ್ಸರ್ಟ್ ಸ್ಟೇಜ್. ಗದ್ದಲಕ್ಕೆಂದೇ ಕಟ್ಟಿದ ಜಾಗ ಸುಮ್ಮನೆ ಬಿದ್ದಿದ್ರೆ, ಏನೋ ಆಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

2009ರಲ್ಲಿ ವಾಲ್ವ್ ಕಂಪನಿ ತಂದ 'ಲೆಫ್ಟ್ ಫೋರ್ ಡೆಡ್ 2' ಗೊತ್ತಲ್ಲ? ನಾಲ್ಕು ಜನ ಸೇರಿ ಆಡೋ ಗೇಮು. ಅದರ 'ಡಾರ್ಕ್ ಕಾರ್ನಿವಲ್' ಭಾಗ ನಡೆಯೋದು ಅಮೆರಿಕದ ಒಂದು ಅಮ್ಯೂಸ್‌ಮೆಂಟ್ ಪಾರ್ಕ್‌ನಲ್ಲಿ. ರೋಲರ್ ಕೋಸ್ಟರ್ ಹಳಿ ಮೇಲೆ ಓಡಿ, ಕೊನೆಗೆ ತಲುಪೋದು ಒಂದು ದೊಡ್ಡ ಸ್ಟೇಜ್‌ಗೆ. ಮಿಡ್‌ನೈಟ್ ರೈಡರ್ಸ್ ಅನ್ನೋ ರಾಕ್ ಬ್ಯಾಂಡ್‌ನ ಶೋ ಆಗಬೇಕಿದ್ದ ಜಾಗ. ಬ್ಯಾಂಡ್ ಗೇಮಿಗೋಸ್ಕರ ಹುಟ್ಟಿಸಿದ್ದು, ಹಾಡುಗಳು ಮಾತ್ರ ನಿಜಕ್ಕೂ ಇವೆ. ಸ್ಪೀಕರ್, ಲೈಟು, ಪಟಾಕಿ ಎಲ್ಲ ರೆಡಿ. ಸೀಟುಗಳು ಖಾಲಿ.

ಆ ಬ್ಯಾಂಡಿನ ಅಭಿಮಾನಿ ಕೋಚ್ ಅನ್ನೋ ಪಾತ್ರ ಇದಾನಲ್ಲ, ಅವನ ಪ್ಲಾನ್ ಏನಪ್ಪಾ ಅಂದ್ರೆ, ಶೋ ಶುರು ಮಾಡಿಬಿಡೋಣ, ಮೇಲೆ ಹಾರಾಡ್ತಿರೋ ಹೆಲಿಕಾಪ್ಟರ್‌ಗೆ ಕಾಣಲಿ ಅಂತ. ಸಮಸ್ಯೆ ಗೊತ್ತೇ ಇದೆ. ಪೈಲಟ್‌ಗೆ ಕಾಣಿಸೋಷ್ಟು ಗದ್ದಲ ಜಾಂಬಿಗಳಿಗೂ ಕೇಳಿಸುತ್ತೆ. ಮೊದಲು ಲೈಟ್ ಹಾಕಬೇಕು, ಆಮೇಲೆ ಸ್ಟೇಜ್ ಹತ್ತಿ ಶೋ ಶುರು. ಅಲ್ಲಿಂದ ಗಿಟಾರ್ ಸೌಂಡಿಗೆ ಹಿಂಡುಹಿಂಡಾಗಿ ನುಗ್ತಾವೆ. ಮಧ್ಯೆ ಟ್ಯಾಂಕ್ ಅನ್ನೋ ಆ ದೈತ್ಯ ಬೇರೆ.

ಆದರೆ ಆ ಬಟನ್ ಒತ್ತೋವರೆಗೆ ಗೇಮ್ ಅಷ್ಟಾಗಿ ಅವಸರ ಮಾಡಲ್ಲ. ಆಗಾಗ ಒಂದೆರಡು ಜಾಂಬಿ ಬರಬಹುದು, ಅಷ್ಟೇ. ಇದನ್ನ ನಾವು ಕಂಡ್ಕೊಂಡಿದ್ದು 2021ರಲ್ಲಿ.

ಬಿಕಾಂ ಮುಗಿಸಿ ಮನೇಲಿ ಕೂತಿದ್ದ ನಾಲ್ಕು ಜನ ನಾವು, ದಿನಾ ರಾತ್ರಿ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಗೇಮು. ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಕ್ತು. ಹಿಂದಿನ ರಾತ್ರಿ ಆ ಸ್ಟೇಜ್ ತಲುಪಿ, ಲೈಟ್ ಹಾಕಿ ನಿಂತ್ವಿ. ಬಟನ್ ಯಾರೂ ಒತ್ತಲಿಲ್ಲ. ಪುಣೆಯಲ್ಲಿ ರೂಮ್ ಬಾಡಿಗೆ ಎಷ್ಟು, ಅಮ್ಮ ಏನಂದ್ರು, ಯಾರ ಸಾಲ ಯಾರು ತೀರಿಸಬೇಕು, ಎಲ್ಲ ಮಾತು ಆ ಖಾಲಿ ಸ್ಟೇಜ್ ಮೇಲೆ ಆಯ್ತು. ಮುಖಾಮುಖಿ ಸಿಕ್ಕಾಗ ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ಕೊನೆಗೆ ಅವನೇ, "ಹಾಕ್ಲಾ?" ಅಂದ. ನಾವು ಉತ್ತರ ಕೊಡೋ ಮೊದಲೇ ಹಾಡು ಶುರು.

ಎರಡನೇ ಟ್ಯಾಂಕ್‌ಗೆ ನಾಲ್ಕೂ ಜನ ಸತ್ವಿ. ಮತ್ತೆ ಆಡಲಿಲ್ಲ, ಬೆಳಿಗ್ಗೆ ಆರಕ್ಕೆ ಅವನಿಗೆ ಬಸ್ಸಿತ್ತು.