ಹಳೇ ಮನೆಗೆ ಮಾಡ್ಯುಲರ್ ಕಿಚನ್: ಡಬ್ಬ ನೇರ, ಗೋಡೆ ಸೊಟ್ಟ

ಇವತ್ತು ಕೋಡ್ ಬಿಟ್ಟು ಅಡುಗೆಮನೆಗೆ ಬರೋಣ.

ನಾನಿರೋದು ಹೈದರಾಬಾದಿನ ಕುಷಾಯಿಗೂಡದಲ್ಲಿ. ಪಕ್ಕದ ಇಸಿಐಎಲ್ 1967ರಲ್ಲಿ ಶುರುವಾಯ್ತು. ಅದರ ಸುತ್ತ ಬೆಳೆದ ಕಾಲೋನಿಗಳಲ್ಲಿ ಮೂವತ್ತು ನಲವತ್ತು ವರ್ಷದ ಮನೆಗಳು ಇನ್ನೂ ಬೇಕಾದಷ್ಟಿವೆ. ಉಪ್ಪಲ್, ಪೋಚಾರಂ ಕಡೆ ಕೆಲಸಕ್ಕೆ ಹೋಗೋ ನಮ್ಮವರು ಇಂಥ ಮನೆ ಕೊಂಡ್ರೆ ಮೊದಲು ಕೈ ಹಾಕೋದೇ ಅಡುಗೆಮನೆಗೆ. ಊರಿಂದ ಅಮ್ಮ ಬಂದ್ರೆ ಅನುಕೂಲ ಆಗ್ಲಿ ಅಂತ. ಲಕ್ಷಗಟ್ಟಲೆ ದುಡ್ಡಿನ ಮಾತು, ಹಾಗಾಗಿ ಸ್ವಲ್ಪ ಗಮನ ಕೊಟ್ಟು ಕೇಳಿ.

ಮಾಡ್ಯುಲರ್ ಡಬ್ಬವನ್ನು ಯಂತ್ರ ಕತ್ತರಿಸುತ್ತೆ, ಅದರ ಮೂಲೆ ಸರಿಯಾಗಿ 90 ಡಿಗ್ರಿ. ಮನೆ ಕಟ್ಟಿದ್ದು ಮೇಸ್ತ್ರಿಯ ಕೈ. ಮೂಲೆ ಬರೀ 2 ಡಿಗ್ರಿ ಆಚೀಚೆ ಇದ್ರೂ 60 ಸೆಂ.ಮೀ. ಆಳಕ್ಕೆ 21 ಮಿ.ಮೀ. ಸಂದು ಬೀಳುತ್ತೆ. ಬಾಗಿಲಿನ ಹಿಂಜ್ ತಿರುಗಿಸಿ ಸರಿ ಮಾಡಬಹುದಾದದ್ದು ಎರಡು ಮೂರು ಮಿ.ಮೀ. ಅಷ್ಟೆ. ಉಳಿದದ್ದನ್ನು ಆರ್ಡರ್ ಕೊಡೋ ಮುಂಚೆಯೇ ಲೆಕ್ಕಕ್ಕೆ ತಗೋಬೇಕು.

ಮೊದಲು ನೆಲ. ಹಳೇ ಅಡುಗೆಮನೆಗಳಲ್ಲಿ ತಾಂಡೂರು ಕಲ್ಲೋ ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲೋ ಹಾಸಿ, ತೊಳೆದ ನೀರು ಹೋಗೋಕೆ ಅಂತ ಬೇಕಂತಲೇ ಇಳಿಜಾರು ಕೊಟ್ಟಿರ್ತಾರೆ. ಅದು ದೋಷ ಅಲ್ಲ. "ಸಿಮೆಂಟ್ ಹಾಕಿ ಸಮ ಮಾಡಿಬಿಡೋಣ ಸಾರ್" ಅಂದ್ರೆ ತಕ್ಷಣ ಒಪ್ಕೋಬೇಡಿ. ಹಬ್ಬಕ್ಕೆ ಅಮ್ಮ ನೆಲ ತೊಳೆದಾಗ ನೀರು ಮೋರಿ ಕಡೆ ಹೋಗದೆ ಡಬ್ಬದ ಅಡಿಯಲ್ಲಿ ನಿಂತ್ಕೊಳ್ಳುತ್ತೆ.

ಮೇಸ್ತ್ರಿಗಳ ನೀರಿನ ಲೆವೆಲ್ ಪೈಪ್ ತಗೊಂಡು ಗೋಡೆ ಸುತ್ತ ಒಂದೇ ಮಟ್ಟದ ಗೆರೆ ಎಳೆಯಿರಿ. ಲೇಸರ್ ಇದ್ರೆ ಇನ್ನೂ ಸುಲಭ. ಗೆರೆಯಿಂದ ನೆಲಕ್ಕೆ ಎರಡೆರಡು ಅಡಿಗೊಮ್ಮೆ ಅಳೆಯಿರಿ. ಒಂದು ಮೂಲೆಯಲ್ಲಿ 1000 ಮಿ.ಮೀ., ಮೋರಿ ಹತ್ತಿರ 1018 ಬಂತು ಅಂದ್ಕೊಳ್ಳಿ. ಕಮ್ಮಿ ಅಳತೆ ಬಂದ ಜಾಗವೇ ನೆಲ ಎತ್ತರ ಇರೋ ಜಾಗ. ಜೋಡಣೆ ಅಲ್ಲಿಂದಲೇ ಶುರುವಾಗಬೇಕು. ತಗ್ಗಿನ ಕಡೆ ಡಬ್ಬದ ತಿರುಗಿಸೋ ಕಾಲನ್ನು 18 ಮಿ.ಮೀ. ಉದ್ದ ಮಾಡಿದ್ರೆ ಮುಗೀತು. ತಗ್ಗಿನಿಂದ ಶುರು ಮಾಡಿದ್ರೆ ಎತ್ತರದ ಕಡೆ ಕಾಲು ಅಷ್ಟು ಗಿಡ್ಡ ಆಗದೇ ಹೋಗಬಹುದು.

ಆಮೇಲೆ ಮೂಲೆ. ಒಂದು ಗೋಡೆಗೆ 60 ಸೆಂ.ಮೀ., ಇನ್ನೊಂದಕ್ಕೆ 80 ಸೆಂ.ಮೀ. ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 100 ಬಂದ್ರೆ ಮೂಲೆ ನೇರ. ಬರದಿದ್ರೆ ಗೋಡೆ ಒಡೆಯೋದು ಬೇಡ. ಡಬ್ಬಕ್ಕೂ ಗೋಡೆಗೂ ನಡುವೆ ಸುಮಾರು 50 ಮಿ.ಮೀ. ಫಿಲ್ಲರ್ ಪಟ್ಟಿಗೆ ಜಾಗ ಬಿಡಿ. ಗೋಡೆಯ ವಂಕಿಯನ್ನು ಪೆನ್ಸಿಲ್‌ನಿಂದ ಪಟ್ಟಿ ಮೇಲೆ ಇಳಿಸಿ, ಆ ಗೆರೆಗೇ ಕತ್ತರಿಸಿದ್ರೆ ಸಂದು ಕಾಣೋದಿಲ್ಲ. ಗೋಡೆ ಪಕ್ಕದ ಡ್ರಾಯರ್ ಟೈಲ್ಸ್‌ಗೆ ತಾಗದೆ ಪೂರ್ತಿ ಹೊರಗೆ ಬರೋದೂ ಇದರಿಂದಲೇ.

ಹಳೇ ಕಡಪ ಕಲ್ಲಿನ ಕಟ್ಟೆ ಗಟ್ಟಿಯಾಗಿದೆ, ಇಲ್ಲಿನವರು ಹೇಳೋ ಹಾಗೆ 'ಗಟ್ಟು' ಚೆನ್ನಾಗಿದೆ ಅನ್ನೋದಾದ್ರೆ ಅದನ್ನೇ ಉಳಿಸ್ಕೊಳ್ಳಿ. ಕೆಳಗಿನ ಪ್ರತಿ ಖಾನೆಯನ್ನೂ ಮುಂದೆ, ಹಿಂದೆ, ಮೇಲೆ, ಕೆಳಗೆ ಅಳೆದು, ಬಂದ ಅಳತೆಗಳಲ್ಲಿ ಚಿಕ್ಕದಕ್ಕಿಂತ 10 ಮಿ.ಮೀ. ಕಮ್ಮಿಗೆ ಡಬ್ಬ ಹೇಳಿ.

ಇನ್ನು ಮೇಲಿನ ಕಪಾಟು. ಇಲ್ಲಿ ಪ್ರಶ್ನೆ ಅಂದದ್ದಲ್ಲ, ತಲೆಯದ್ದು. ಅದರ ತುಂಬ ಸ್ಟೀಲ್ ಪಾತ್ರೆ, ಕೆಳಗೆ ನಿಂತು ಅಡುಗೆ ಮಾಡೋದು ನಮ್ಮವರೇ. ಗೋಡೆಯನ್ನು ಬೆರಳಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ್ರೆ ಗಾರೆ ಇಟ್ಟಿಗೆಯಿಂದ ಬಿಟ್ಟಿದೆ ಅಂತ ಅರ್ಥ. ಆ ಗಾರೆ ಕೆತ್ತಿಸಿ ಹೊಸದು ಹಾಕಿಸಿ. ಆಂಕರ್ ಗಾರೆ ದಾಟಿ ಇಟ್ಟಿಗೆಯಲ್ಲೇ ಕೂರಬೇಕು. ಎರಡು ಮೊಳೆಗಿಂತ ಉದ್ದದ ಲೋಹದ ರೈಲ್ ಮೇಲೆ ತೂಗು ಹಾಕೋದು ವಾಸಿ, ಭಾರ ಹಂಚಿಕೊಳ್ಳುತ್ತೆ. ಗೋಡೆಯಲ್ಲಿ ತೇವ ಇದ್ರೆ ಮೊದಲು ಸೋರಿಕೆ ರಿಪೇರಿ, ಆಮೇಲೆ ಕಪಾಟು.

ಕೊಟೇಶನ್‌ಗೆ ಸಹಿ ಹಾಕೋ ಮುಂಚೆ ನಾಲ್ಕು ಮಾತು ಬರೆಸ್ಕೊಳ್ಳಿ: ಟೈಲ್ಸ್ ಕೆಲಸ ಮುಗಿದ ಮೇಲೆಯೇ ಕೊನೆಯ ಅಳತೆ, ಫಿಲ್ಲರ್ ಮತ್ತು ಸ್ಕರ್ಟಿಂಗ್ ಬೆಲೆಯಲ್ಲೇ ಸೇರಿರಬೇಕು, ಸಿಂಕ್ ಕೆಳಗೆ ಐಎಸ್ 710 ಗುರುತಿನ ಪ್ಲೈವುಡ್, ಕತ್ತರಿಸಿದ ಪ್ರತಿ ಅಂಚಿಗೂ ಸೀಲ್.

ಅಳತೆಗೆ ಬಂದವರು ಒಂದೇ ಕಡೆ ಟೇಪ್ ಹಿಡಿದು ಹೊರಟ್ರೆ, ನಿಲ್ಲಿಸಿ, ಇನ್ನೆರಡು ಕಡೆ ಹಿಡಿಸಿ. ಅರ್ಧ ಗಂಟೆ ಹೆಚ್ಚು ಹಿಡಿಯಬಹುದು. ಡಬ್ಬ ಫ್ಯಾಕ್ಟರಿಯಿಂದ ಬಂದ ಮೇಲೆ ಅದೇ 20 ಮಿ.ಮೀ.ಗೆ ವಾರಗಟ್ಟಲೆ ಓಡಾಡಬೇಕಾಗುತ್ತೆ.