ಗೂಡಿನ ರೇಟು ಬಿದ್ದರೆ ಪೆಟ್ಟು ಯಾರಿಗೆ?

(ಕೋರಮಂಡಲ್‌ನಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ವರದಕ್ಷಿಣೆ, ಹೊಡೆತ ಬಡಿತದ ಬಗ್ಗೆ ಸೇರಿರುವ ಸಭೆಯಲ್ಲಿ ವಿಶ್ವ ವ್ಯಾಪಾರ ಒಪ್ಪಂದದ ಮಾತೇಕೆ ಎಂದು ಕೆಲವರು ಕೇಳಿದಿರಿ. ನಮ್ಮ ಮನೆಯ ಲೆಕ್ಕದಿಂದಲೇ ಹೇಳುತ್ತೇನೆ.

2001ರ ಫೆಬ್ರವರಿ 28ರಂದು ಇಲ್ಲಿನ ಚಿನ್ನದ ಗಣಿ ನಿಂತಿತು. ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಹೆಚ್ಚಾಯಿತು ಎಂದರು. ಆ ಬೆಲೆ ಕಟ್ಟುವವರು ನಮ್ಮೂರಿನವರಲ್ಲ. ಆದರೆ ಸಂಬಳ ನಿಂತ ಮನೆಯಲ್ಲಿ ಒಲೆ ಹಚ್ಚಬೇಕಾದವರು ನೀವು. ಚಿನ್ನ ಹೋಯಿತು, ಸೈನೈಡ್ ದಿಬ್ಬದ ದೂಳು ನಿಮಗೆ ಉಳಿಯಿತು.

ಬಂಗಾರಪೇಟೆ ಕಡೆಯ ಹಳ್ಳಿಯವರಾದ ನಮಗೆ ರೇಷ್ಮೆಯೇ ಚಿನ್ನ. ಸೊಪ್ಪು ತರುವುದು, ರಾತ್ರಿ ಎದ್ದು ಹುಳುವಿಗೆ ಮೇವು ಹಾಕುವುದು, ಹಣ್ಣಾದ ಹುಳು ಆಯ್ದು ಚಂದ್ರಿಕೆಗೆ ಬಿಡುವುದು ಹೆಚ್ಚಾಗಿ ಹೆಂಗಸರೇ. ಗೂಡು ಮಾರಿದ ದುಡ್ಡು ಮಾತ್ರ ಗಂಡಸರ ಕೈಗೆ. 2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಕಚ್ಚಾ ರೇಷ್ಮೆಯ ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿತು. ಚೀನಾ ರೇಷ್ಮೆ ಅಗ್ಗವಾಯಿತು, ನಮ್ಮ ಗೂಡಿನ ರೇಟು ಕುಸಿಯಿತು. ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ 15ಕ್ಕೆ ಏರಿತು.

ರೇಟು ಬಿದ್ದ ಆ ದಿನಗಳಲ್ಲಿ ನಮ್ಮ ಸಂಘದ ಒಬ್ಬ ತಂಗಿಯ ಓಲೆ ಅಡವಿಗೆ ಹೋಯಿತು. ತವರಿನಿಂದ ಇನ್ನಷ್ಟು ತಾ ಎಂದು ಗಂಡ ಹೊಡೆದ. "ಗೂಡಿಗೆ ರೇಟಿಲ್ಲ, ಪಾಪ ಅವನಾದರೂ ಏನು ಮಾಡ್ತಾನೆ?" ಎಂದರು ಹಿರಿಯರು. ನಾವು ಕೇಳಿದೆವು: ರೇಟು ಬಿದ್ದದ್ದು ಇಬ್ಬರಿಗೂ ತಾನೆ? ಅವಳು ಯಾರನ್ನು ಹೊಡೆದಳು?

ಕಷ್ಟ ಇದೆ ಎಂದು ಹೊಡೆಯುವ ಹಕ್ಕು ಯಾರಿಗೂ ಬರುವುದಿಲ್ಲ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯ ಪ್ರಕಾರ ಹೊಡೆತವಷ್ಟೇ ಅಲ್ಲ, ಹೆಂಡತಿಯ ಸ್ತ್ರೀಧನವನ್ನು ಮಾರಿ ಕಳೆಯುವುದೂ ದೌರ್ಜನ್ಯವೇ. ರಕ್ಷಣಾಧಿಕಾರಿಗೆ ದೂರು ಕೊಡಬಹುದು.

ಹಾಗೆಂದು ರೇಟು ಬೀಳಿಸಿದವರನ್ನು ಕೇಳದೆ ಬಿಡಬೇಕೇ? ದೊಡ್ಡ ದೇಶಗಳ ಸಭೆಗಳಲ್ಲಿ ಆಗುವ ಒಪ್ಪಂದಗಳು ಇಂಥ ಸುಂಕವನ್ನು ಎಷ್ಟರ ತನಕ ಏರಿಸಬಹುದು ಎಂಬುದಕ್ಕೇ ಮಿತಿ ಹಾಕುತ್ತವೆ. ಅದನ್ನು ಮೊದಲೇ ಪ್ರಶ್ನಿಸಿದವರಲ್ಲಿ ನಮ್ಮ ನಾಡಿನವರಿದ್ದಾರೆ. 1993ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಡಂಕೆಲ್ ಕರಡಿನ ವಿರುದ್ಧ ಬೆಂಗಳೂರಿನಲ್ಲಿ ಲಕ್ಷಾಂತರ ರೈತರನ್ನು ಸೇರಿಸಿತು. 1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಜೊತೆ ನೂರಾರು ರೈತರು ಯುರೋಪಿಗೇ ಹೋಗಿ ಪ್ರತಿಭಟಿಸಿದರು. ಅದೇ ವರ್ಷದ ಕೊನೆಗೆ ಅಮೆರಿಕದ ಸಿಯಾಟಲ್‌ನಲ್ಲಿ ಸಾವಿರಾರು ಜನ ಬೀದಿಗೆ ಬಂದರು. ವಿಶ್ವ ವ್ಯಾಪಾರ ಸಂಸ್ಥೆಯ ಸಭೆ ಒಪ್ಪಂದವಿಲ್ಲದೆ ಮುಗಿಯಿತು. 2019ರಲ್ಲಿ, 16 ದೇಶಗಳ ಒಪ್ಪಂದವಾದರೆ ನ್ಯೂಜಿಲೆಂಡಿನ ಅಗ್ಗದ ಹಾಲಿನ ಪುಡಿ ಬರುತ್ತದೆ, ಡೈರಿಗೆ ಹಾಲು ಹಾಕುವವರು ಎಲ್ಲಿಗೆ ಹೋಗಬೇಕು ಎಂದು ರೈತರು ದೇಶದ ಉದ್ದಕ್ಕೂ ಕೇಳಿದರು. ಭಾರತ ಆ ಒಪ್ಪಂದಕ್ಕೆ ಸೇರಲಿಲ್ಲ. ಕೇಳಿದರೆ ಆಗುತ್ತದೆ.

ಆದರೆ ಆ ಮೆರವಣಿಗೆಗಳಲ್ಲಿ 'ರೈತ' ಎಂದರೆ ಯಾರು? ಹುಳು ಸಾಕುವವಳ, ಹಾಲು ಕರೆಯುವವಳ ಹೆಸರು ಎಷ್ಟು ಪಹಣಿಯಲ್ಲಿದೆ?

ಆದ್ದರಿಂದ ಎರಡು ಕೆಲಸ ಹಿಡಿಯೋಣ. ಸಂಘದ ಪುಸ್ತಕದಲ್ಲಿ ಕಂತಿನ ಜೊತೆಗೆ ಗೂಡಿನ ರೇಟು, ಹಾಲಿನ ರೇಟನ್ನೂ ಬರೆಯೋಣ. ರೈತರ ಸಭೆ ಕರೆದಾಗ ಆ ಪುಸ್ತಕ ಹಿಡಿದು ಹೋಗಿ ಮುಂದಿನ ಸಾಲಿನಲ್ಲಿ ಕೂರೋಣ. ರೇಟಿನ ಬಗ್ಗೆಯೂ ಮಾತಾಡೋಣ, ಹೊಡೆತದ ಬಗ್ಗೆಯೂ ಮಾತಾಡೋಣ. ಒಂದನ್ನು ಆಮೇಲೆ ನೋಡೋಣ ಎಂದು ಯಾರು ಹೇಳಿದರೂ ಒಪ್ಪಬೇಡಿ.