ಹಳೆಯ ಕಂಪ್ಯೂಟರನ್ನು ಮತ್ತೆ ಕಟ್ಟುವವರು



ತೊಂಬತ್ತರ ದಶಕದ ಬೇಸಿಗೆ ರಜೆಯಲ್ಲಿ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಯೊಂದು ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಇದ್ದೇ ಇರುತ್ತಿತ್ತು. ಮಾರಿಯೋ, ಕಾಂಟ್ರಾ, ಒಂದೇ ಕ್ಯಾಸೆಟ್ಟಿನಲ್ಲಿ ಸಾವಿರಾರು ಆಟ ಇದೆ ಎಂದು ಅಚ್ಚು ಹಾಕಿದ ಚೀಟಿ. ಆ ಪೆಟ್ಟಿಗೆ ಕೆಟ್ಟಾಗ ಬಿಚ್ಚಿ ನೋಡಿದ್ದರೆ ನಿಮಗೆ ನೆನಪಿರಬಹುದು: ಒಳಗೆ ಹೆಚ್ಚೇನೂ ಇರುತ್ತಿರಲಿಲ್ಲ. ಒಂದು ಚಿಕ್ಕ ಬೋರ್ಡು, ಅದರ ನಡುವೆ ಕಪ್ಪು ಅಂಟಿನ ಒಂದು ಬೊಟ್ಟು, ಅಷ್ಟೇ. ಆ ಬೊಟ್ಟಿನ ಕೆಳಗೆ ಇದ್ದದ್ದು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು. ಮೂಲದಲ್ಲಿ ಹಲವು ಚಿಪ್ಪುಗಳು ಮಾಡುತ್ತಿದ್ದ ಕೆಲಸವನ್ನು ಯಾರೋ ಕೂತು ಒಂದೇ ಚಿಪ್ಪಿಗೆ ಇಳಿಸಿದ್ದರು. ನಮ್ಮ ಮಕ್ಕಳು ಆಡಿದ್ದು ಆ ನಕಲಿನಲ್ಲಿ.

ಒಂದು ಯಂತ್ರಕ್ಕೆಂದು ಬರೆದ ಪ್ರೋಗ್ರಾಮನ್ನು ಅದಲ್ಲದ ಇನ್ನೊಂದು ಯಂತ್ರದಲ್ಲಿ, ಪ್ರೋಗ್ರಾಮಿಗೆ ಸುಳಿವೇ ಸಿಗದ ಹಾಗೆ ನಡೆಸುವುದು, ಅದಕ್ಕಾಗಿ ಕೈಯಾರೆ ಬೋರ್ಡು ಕಟ್ಟುವುದು. ನನಗೆ ಬಹಳ ವರ್ಷಗಳಿಂದ ಪ್ರಿಯವಾದ ವಿಷಯ ಇದು. ಇಂಥ ಏರ್ಪಾಡಿಗೆ ಎಮ್ಯುಲೇಟರ್ ಎನ್ನುತ್ತಾರೆ. ಇದು ಹುಡುಗಾಟದಿಂದ ಹುಟ್ಟಿದ್ದಲ್ಲ, ವ್ಯಾಪಾರದ ಭಯದಿಂದ ಹುಟ್ಟಿದ್ದು.

1964ರ ಏಪ್ರಿಲ್‌ನಲ್ಲಿ ಐಬಿಎಂ ತನ್ನ ಸಿಸ್ಟಂ/360 ಸಾಲಿನ ಕಂಪ್ಯೂಟರುಗಳನ್ನು ಘೋಷಿಸಿತು. ಆಗ ಜಗತ್ತಿನ ಬ್ಯಾಂಕು, ವಿಮಾ ಕಚೇರಿಗಳಲ್ಲಿ ಓಡುತ್ತಿದ್ದದ್ದು ಅದೇ ಕಂಪನಿಯ 1401, ಸಾವಿರಗಟ್ಟಲೆ. ಹೊಸದು ಕೊಂಡರೆ ಹಳೆಯ ಪ್ರೋಗ್ರಾಮೆಲ್ಲ ಕಸ. ಕೆಲವು ತಿಂಗಳ ಹಿಂದಷ್ಟೇ ಹನಿವೆಲ್ ಕಂಪನಿ, 1401ರ ಪ್ರೋಗ್ರಾಮುಗಳನ್ನು ಸುಲಭವಾಗಿ ವರ್ಗಾಯಿಸಿಕೊಳ್ಳುವ ತನ್ನದೇ ಯಂತ್ರವನ್ನು ತೋರಿಸಿ ಗಿರಾಕಿಗಳನ್ನು ಕರೆಯುತ್ತಿತ್ತು. ಆಗ ಐಬಿಎಂನ ಎಂಜಿನಿಯರುಗಳು 360ರ ಚಿಕ್ಕ ಮಾದರಿಯೊಂದರ ಒಳಗೇ, ಅದರ ಸೂಕ್ಷ್ಮ ಆಜ್ಞೆಗಳ ಮಟ್ಟದಲ್ಲಿ, 1401ರ ನಡವಳಿಕೆಯನ್ನು ಕೂರಿಸಿದರು. ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಮೊದಲಿಗಿಂತ ಬೇಗ ಓಡಿತು. ಗಿರಾಕಿಗಳು ಉಳಿದರು.

ಮುಂದಿನ ಹತ್ತು ವರ್ಷ ದೊಡ್ಡ ಕಂಪನಿಗಳ ಲೆಕ್ಕಾಚಾರದ ಕಥೆ, ಅದನ್ನು ಬಿಟ್ಟು 1975ಕ್ಕೆ ಬರೋಣ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರಿನ ಚಿತ್ರ ಬಂತು. ಪಾಲ್ ಆಲನ್, ಬಿಲ್ ಗೇಟ್ಸ್ ಎಂಬ ಇಬ್ಬರು ಯುವಕರು ಅದಕ್ಕೆ ಬೇಸಿಕ್ ಭಾಷೆ ಬರೆಯಲು ಹೊರಟರು. ಅವರ ಬಳಿ ಆಲ್ಟೇರ್ ಇರಲಿಲ್ಲ, ಅದರೊಳಗಿನ 8080 ಚಿಪ್ಪೂ ಇರಲಿಲ್ಲ. ಚಿಪ್ಪಿನ ಕೈಪಿಡಿಯೊಂದನ್ನೇ ನೆಚ್ಚಿಕೊಂಡು ಆಲನ್ ಹಾರ್ವರ್ಡ್‌ನ ದೊಡ್ಡ ಕಂಪ್ಯೂಟರಿನಲ್ಲಿ 8080ರಂತೆಯೇ ವರ್ತಿಸುವ ಪ್ರೋಗ್ರಾಂ ಬರೆದ. ಬೇಸಿಕ್ ಹುಟ್ಟಿದ್ದು ಅದರ ಮೇಲೆ. ಆಮೇಲೆ ಕಾಗದದ ಟೇಪು ಹಿಡಿದು ಆಲ್ಬುಕರ್ಕಿಗೆ ವಿಮಾನ ಹತ್ತಿದ. ಟೇಪನ್ನು ಯಂತ್ರಕ್ಕೆ ಓದಿಸುವ ಪುಟ್ಟ ಪ್ರೋಗ್ರಾಮನ್ನೇ ಬರೆದಿಲ್ಲವೆಂದು ಹೊಳೆದದ್ದು ವಿಮಾನ ಇಳಿಯುವ ಹೊತ್ತಿಗೆ, ಅಲ್ಲೇ ಕೂತು ಬರೆದು ಮುಗಿಸಿದ. ಮರುದಿನ ಮೊದಲ ಬಾರಿಗೆ ನಿಜವಾದ ಆಲ್ಟೇರ್ ಮುಂದೆ ಕೂತು ಎರಡಕ್ಕೆ ಎರಡು ಕೂಡಿಸು ಎಂದು ಕೇಳಿದ. ನಾಲ್ಕು ಎಂದು ಬಂತು. ಕಣ್ಣಿಂದಲೂ ನೋಡದ ಯಂತ್ರಕ್ಕೆ ಬರೆದ ಪ್ರೋಗ್ರಾಂ ಮೊದಲ ದಿನವೇ ನಡೆಯಿತು! ಕೈಪಿಡಿಯನ್ನು ನಂಬಿ ಗೆಲ್ಲಬಹುದಾಗಿದ್ದ ಕಾಲ ಅದು.

ಆ ಕಾಲ ಬಹಳ ದಿನ ಉಳಿಯಲಿಲ್ಲ. ಅದೇ 1975ರಲ್ಲಿ ಚಕ್ ಪೆಡ್ಲ್ ಎಂಬಾತನ ತಂಡ 6502 ಎಂಬ ಪ್ರೊಸೆಸರನ್ನು 25 ಡಾಲರಿಗೆ ಮಾರತೊಡಗಿತು. ಉಳಿದವರು ನೂರಾರು ಡಾಲರ್ ಕೇಳುತ್ತಿದ್ದ ದಿನಗಳವು. ಆ ಬೆಲೆಯಿಂದಲೇ ಮನೆಮನೆಯ ಕಂಪ್ಯೂಟರ್ ಸಾಧ್ಯವಾಯಿತು. ಆಪಲ್‌ನಲ್ಲಿ ಇದ್ದದ್ದು ಅದೇ. ನಾನು ಮೊದಲು ಹೇಳಿದ ಫ್ಯಾಮಿಕಾಮ್‌ನೊಳಗೂ ಅದರದೇ ಸಂತಾನ. 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಡಿ ನಮ್ಮ ದೇಶದ 250 ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರಿನ ಒಳಗೂ ಅದೇ. ಹಾಗೆಯೇ 1982ರ ಆಗಸ್ಟಿನಲ್ಲಿ 595 ಡಾಲರಿಗೆ ಅಂಗಡಿಗೆ ಬಂದು, ಮುಂದೆ ಒಂದು ಕೋಟಿಗೂ ಮಿಕ್ಕಿ ಮಾರಾಟವಾದ ಕಾಮೊಡೋರ್ 64ರ ಒಳಗೆ ಅದರ ತಮ್ಮ 6510.

ಈ ಕಾಮೊಡೋರ್ ಮುಂದೆ ಸ್ವಲ್ಪ ನಿಲ್ಲೋಣ. ಎಮ್ಯುಲೇಟರ್ ಕಟ್ಟುವುದು ಏಕೆ ಕಷ್ಟ, ಏಕೆ ಚಂದ ಎನ್ನುವುದು ಇಲ್ಲಿ ತಿಳಿಯುತ್ತದೆ. ಇದರ ಪ್ರೊಸೆಸರಿನ ವೇಗ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಮಿಡಿತ. ಪರದೆಯ ಮೇಲೆ ಚಿತ್ರ ಬಿಡಿಸುವುದು ವಿಕ್ ಎಂಬ ಬೇರೆ ಚಿಪ್. ಇಬ್ಬರಿಗೂ ಒಂದೇ ಮೆಮೊರಿ. ಪರದೆಯ ಪ್ರತಿ ಎಂಟನೇ ಗೆರೆಗೆ ಬಂದಾಗ ಅಕ್ಷರಗಳನ್ನು ಓದಿಕೊಳ್ಳಲು ವಿಕ್ ಚಿಪ್ ಪ್ರೊಸೆಸರನ್ನು ಸುಮಾರು 40 ಮಿಡಿತ ತಡೆದು ನಿಲ್ಲಿಸುತ್ತದೆ. ಯುರೋಪಿನ ಯಂತ್ರದಲ್ಲಿ ಒಂದು ಗೆರೆಗೆ ಇರುವುದೇ 63 ಮಿಡಿತ. ಈ ಲೆಕ್ಕವನ್ನು ಹದಿನೈದು ಹದಿನಾರು ವರ್ಷದ ಹುಡುಗರು ಬಾಯಿಪಾಠ ಮಾಡಿಕೊಂಡಿದ್ದರು.

ಅವರು ಮಾಡಿದ ಒಂದು ಕೆಲಸ ಕೇಳಿ. ಪರದೆಯ ಸುತ್ತ ಒಂದು ದಪ್ಪ ಅಂಚು ಇತ್ತು, ಅಲ್ಲಿ ಏನನ್ನೂ ಬರೆಯಲಾಗದು ಎನ್ನುತ್ತಿತ್ತು ಕೈಪಿಡಿ. ಚಿತ್ರದ ಎತ್ತರ 25 ಸಾಲು ಬೇಕೋ 24 ಸಾಲು ಸಾಕೋ ಎಂದು ಆರಿಸುವ ಸೌಕರ್ಯವನ್ನೂ ವಿಕ್ ಚಿಪ್ ಕೊಟ್ಟಿತ್ತು. 24 ಸಾಲಿದ್ದರೆ ಕೆಳಗಿನ ಅಂಚು 247ನೇ ಗೆರೆಯಲ್ಲಿ ಶುರು, 25 ಇದ್ದರೆ 251ರಲ್ಲಿ. ಹುಡುಗರು ಕಂಡುಹಿಡಿದದ್ದು ಇಷ್ಟು: ಮೊದಲು 25 ಎಂದು ಹೇಳಿ, 247 ದಾಟಿದ ಮೇಲೆ, 251 ಬರುವ ಮುನ್ನ, ಆ ಸೆಕೆಂಡಿನ ಸಣ್ಣ ಚೂರಿನಲ್ಲಿ ಅದನ್ನು 24ಕ್ಕೆ ಬದಲಾಯಿಸಿಬಿಡಬೇಕು. 247ರ ಪರೀಕ್ಷೆ ಕಳೆದುಹೋಗಿದೆ, 251ರ ಪರೀಕ್ಷೆ ಇನ್ನು ನಡೆಯುವುದಿಲ್ಲ. ಅಂಚು ಮುಚ್ಚಿಕೊಳ್ಳುವುದನ್ನೇ ಚಿಪ್ ಮರೆಯುತ್ತದೆ! ಬರೆಯಲಾಗದ ಜಾಗದಲ್ಲಿ ಚಿತ್ರ ಓಡಾಡತೊಡಗುತ್ತದೆ. ಕೈಪಿಡಿಯಲ್ಲಿ ಇರದ ಈ ವಿಷಯ ನೂರಾರು ಪ್ರೋಗ್ರಾಮುಗಳಲ್ಲಿ ಬಳಕೆಯಾಯಿತು.

ಸದ್ದಿನ ಚಿಪ್ಪಿನದೂ ಹೀಗೆಯೇ. ಬಾಬ್ ಯಾನೆಸ್ ಎಂಬ ಯುವ ಎಂಜಿನಿಯರ್ ರೂಪಿಸಿದ ಸಿಡ್ ಎಂಬ ಆ ಚಿಪ್ಪಿನಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಬಹುದಿತ್ತು. ಅದರ ಧ್ವನಿಮಟ್ಟ ಬದಲಿಸಿದಾಗ ಟಿಕ್ ಎಂದು ಸಣ್ಣ ಸದ್ದು ಬರುತ್ತಿತ್ತು, ಅದೊಂದು ದೋಷ. ಪ್ರೋಗ್ರಾಂ ಬರೆಯುವವರು ಸೆಕೆಂಡಿಗೆ ಸಾವಿರಾರು ಬಾರಿ ಧ್ವನಿಮಟ್ಟ ಬದಲಿಸಿ ಆ ಟಿಕ್ ಟಿಕ್ಕನ್ನೇ ಪೋಣಿಸಿ ಡೋಲು ಬಾರಿಸಿದರು, ಮನುಷ್ಯರ ಮಾತು ಕೇಳಿಸಿದರು. ಆಮೇಲೆ ಕಂಪನಿ ಚಿಪ್ಪನ್ನು ಸುಧಾರಿಸಿ ದೋಷವನ್ನು ಬಹುಮಟ್ಟಿಗೆ ತೆಗೆಯಿತು. ಹೊಸ ಯಂತ್ರ ಕೊಂಡವರಿಗೆ ಹಳೆಯ ಆಟಗಳ ಡೋಲು ಕೇಳಿಸಿಯೂ ಕೇಳಿಸದಂತಾಯಿತು.

ಈಗ ಹೇಳಿ, ಇಂಥ ಯಂತ್ರವನ್ನು ಮತ್ತೆ ಕಟ್ಟುವವರು ಕೈಪಿಡಿಯನ್ನು ಮಾತ್ರ ನೋಡಿದರೆ ಆದೀತೇ? ದೋಷವನ್ನೂ ಕಟ್ಟಬೇಕು. ಕಾಮೊಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಯಂತ್ರ ಹೇಗೆ ನಡೆದುಕೊಳ್ಳುತ್ತಿತ್ತು ಎಂಬ ಪೂರ್ತಿ ಅರಿವು ಉಳಿದದ್ದು ಅದನ್ನು ಪ್ರೀತಿಸಿ ಕೆದಕಿದ ಸಾಮಾನ್ಯರ ಬಳಿ ಮಾತ್ರ. ನನ್ನ ನಂಬಿಕೆ ಇದು: ಹಳೆಯ ಕಂಪ್ಯೂಟರನ್ನು ಉಳಿಸುವ ಕೆಲಸದಲ್ಲಿ ವಸ್ತುಸಂಗ್ರಹಾಲಯಗಳಿಗಿಂತ ಇವರ ಪಾಲು ದೊಡ್ಡದು.

ಆ ಸಾಮಾನ್ಯರಲ್ಲಿ ನನಗೆ ಅಚ್ಚುಮೆಚ್ಚು ಜೆರಿ ಎಲ್ಸ್‌ವರ್ತ್. 1974ರಲ್ಲಿ ಹುಟ್ಟಿ, ಅಮೆರಿಕದ ಆರಿಗನ್ ರಾಜ್ಯದ ಸಣ್ಣ ಊರುಗಳಲ್ಲಿ ಬೆಳೆದ ಹೆಣ್ಣುಮಗಳು. ತಂದೆಗೆ ಪೆಟ್ರೋಲ್ ಬಂಕ್ ಇತ್ತು. ಮನೆಗೆ ಕಾಮೊಡೋರ್ 64 ಬಂದದ್ದು ಸಹೋದರನಿಗೆಂದು. ಹಟ ಹಿಡಿದು ಅದರ ಮುಂದೆ ಕೂತವಳು ಈಕೆ, ಕೈಪಿಡಿ ಓದಿ ಓದಿ ಪ್ರೋಗ್ರಾಂ ಕಲಿತಳು. ಹೈಸ್ಕೂಲಿನಲ್ಲಿರುವಾಗ ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ರೇಸ್ ಕಾರುಗಳನ್ನು ಸ್ವತಃ ವೆಲ್ಡ್ ಮಾಡಿ ಕಟ್ಟಿ, ಸ್ವತಃ ಓಡಿಸಿ, ಅದೇ ವ್ಯಾಪಾರಕ್ಕೆಂದು ಶಾಲೆ ಬಿಟ್ಟಳು. 1995ರ ಹೊತ್ತಿಗೆ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ. ಒಂದು ಐದಾಯಿತು. ಲಾಭ ಇಳಿದಾಗ 2000ದಲ್ಲಿ ಎಲ್ಲ ಮಾರಿ ಕಾಲೇಜಿಗೆ ಸೇರಿದಳು. ಅದು ಒಗ್ಗದೆ ಒಂದು ವರ್ಷಕ್ಕೆ ಬಿಟ್ಟು, ಚಿಪ್ ವಿನ್ಯಾಸವನ್ನು ತಾನೇ ಕಲಿಯುತ್ತೇನೆಂದು ಕೂತಳು.

ಮನೆಯಲ್ಲಿ ಕೂತು ಚಿಪ್ ಮಾಡುವುದು ಹೇಗೆ? ಅದಕ್ಕೆ ದಾರಿ ಮಾಡಿಕೊಟ್ಟದ್ದು ಎಫ್‌ಪಿಜಿಎ ಎಂಬ ವಿಶೇಷ ಚಿಪ್. ಸೈಲಿಂಕ್ಸ್ ಕಂಪನಿಯ ರಾಸ್ ಫ್ರೀಮನ್ 1985ರಲ್ಲಿ ಮೊದಲನೆಯದನ್ನು ತಂದ. ಅಂಗಳದಲ್ಲಿ ಎಂಟು ಸಾಲು ಎಂಟು ಚುಕ್ಕಿ ಇಟ್ಟಿದ್ದಾರೆ ಎಂದುಕೊಳ್ಳಿ, ಎಳೆ ಇನ್ನೂ ಎಳೆದಿಲ್ಲ. ಚುಕ್ಕಿಗಳು ಚಿಪ್ಪಿನೊಳಗಿನ ಲೆಕ್ಕದ ತಾಣಗಳು, ಎಳೆಗಳು ಅವುಗಳ ನಡುವಿನ ಸಂಪರ್ಕ; ಎಳೆ ಎಳೆಯುವುದು ನಿಮ್ಮ ಕೆಲಸ. ನಾಳೆ ಗುಡಿಸಿ, ಅದೇ ಚುಕ್ಕಿಗಳ ಮೇಲೆ ಬೇರೆ ರಂಗೋಲಿ ಹಾಕಬಹುದು. ಮೊದಲ ಎಫ್‌ಪಿಜಿಎಯಲ್ಲಿ ಇದ್ದದ್ದು ಸರಿಯಾಗಿ ಆ 64 ತಾಣಗಳೇ. ಇಪ್ಪತ್ತು ವರ್ಷದೊಳಗೆ ಅವು ಸಾವಿರಗಟ್ಟಲೆಯಾದವು, ಒಂದು ಇಡೀ ಕಾಮೊಡೋರ್ ಹಿಡಿಸುವಷ್ಟು.

ಸಾಮಾನ್ಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು ಕಾಮೊಡೋರನ್ನು ಅನುಕರಿಸುವುದು ಒಂದು ದಾರಿ. ಅಲ್ಲಿ ಪ್ರೊಸೆಸರ್, ಚಿತ್ರ, ಸದ್ದು ಒಂದಾದ ಮೇಲೊಂದು ಸರದಿಯಲ್ಲಿ ನಡೆಯುತ್ತವೆ. ಎಫ್‌ಪಿಜಿಎಯಲ್ಲಿ ಹಾಗಲ್ಲ. ಎಲ್ಲವೂ ಮೂಲದಲ್ಲಿದ್ದಂತೆ ಏಕಕಾಲಕ್ಕೆ, ಪ್ರತಿ ಮಿಡಿತಕ್ಕೂ ಅಕ್ಕಪಕ್ಕದಲ್ಲೇ ನಡೆಯುತ್ತವೆ. ಆ 247ನೇ ಗೆರೆಯ ಚಮತ್ಕಾರಕ್ಕೆ ಇದಕ್ಕಿಂತ ಸಹಜ ನೆಲೆ ಇಲ್ಲ. ಜೆರಿ ಹೀಗೆ ಕಟ್ಟಿದ್ದೇ ಸಿ-ವನ್ ಎಂಬ ಬೋರ್ಡು. ಚಿಪ್ಪಿನೊಳಗಿನ ಎಳೆ ಬದಲಿಸಿದರೆ ಅದೇ ಬೋರ್ಡು ಬೇರೆ ಹಳೆಯ ಕಂಪ್ಯೂಟರೂ ಆಗುತ್ತಿತ್ತು.

ಅದನ್ನು ಕಂಡ ಒಂದು ಆಟಿಕೆ ಕಂಪನಿ ಅವಳನ್ನು ಕರೆಯಿತು. ಇಡೀ ಕಾಮೊಡೋರ್ 64 ಒಂದು ಜಾಯ್‌ಸ್ಟಿಕ್‌ನ ಒಳಗೆ ಹೋಗಬೇಕು, 30 ಆಟ ತುಂಬಿರಬೇಕು, ಟಿವಿಗೆ ಸಿಕ್ಕಿಸಿದರೆ ಸಾಕು. 2004ರ ಜೂನಿನಲ್ಲಿ ಕೆಲಸ ಶುರು, ಕ್ರಿಸ್‌ಮಸ್ ಮಾರುಕಟ್ಟೆಗೆ ತಯಾರು! ಒಂದು ಟಿವಿ ಶಾಪಿಂಗ್ ಚಾನಲ್‌ನಲ್ಲಿ ಒಂದೇ ದಿನ 70,000 ಮಾರಾಟವಾದವು. ಆದರೆ ನನ್ನ ಎದೆ ತುಂಬುವುದು ಆ ಸಂಖ್ಯೆಗೆ ಅಲ್ಲ. ಆಟಿಕೆಯ ಬೋರ್ಡಿನ ಮೇಲೆ ಆಕೆ ಯಾರೂ ಕೇಳದ ಕೆಲವು ತಾಮ್ರದ ಬಿಂದುಗಳನ್ನು ಬಿಟ್ಟಿದ್ದಳು. ಬಿಚ್ಚಿ ನೋಡುವವರು ಅಲ್ಲಿ ತಂತಿ ಬೆಸುಗೆ ಹಾಕಿದರೆ ಕೀಬೋರ್ಡು ಸೇರುತ್ತದೆ, ಹಳೆಯ ಫ್ಲಾಪಿ ಡ್ರೈವೂ ಸೇರುತ್ತದೆ, ಮಕ್ಕಳ ಆಟಿಕೆ ನಿಜವಾದ ಕಾಮೊಡೋರ್ ಆಗಿಬಿಡುತ್ತದೆ. ಅಂಗಡಿಯಲ್ಲಿ ಕೊಳ್ಳುವ ಸಾವಿರಾರು ಜನರ ನಡುವೆ ತನ್ನಂಥ ಒಬ್ಬ ಹುಡುಗಿ ಇದ್ದಾಳು ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಆಕೆ ಮನೆಯಲ್ಲೇ ಕುಲುಮೆ ಇಟ್ಟುಕೊಂಡು ಟ್ರಾನ್ಸಿಸ್ಟರುಗಳನ್ನೇ ತಯಾರಿಸಿದಳು. ಅದು ಇನ್ನೊಂದು ದಿನದ ಮಾತು.

2007ರಲ್ಲಿ ನೆದರ್ಲೆಂಡ್ಸಿನ ಡೆನಿಸ್ ವ್ಯಾನ್ ವೀರನ್ ಎಂಬ ಎಂಜಿನಿಯರ್ ಅಮಿಗಾ ಕಂಪ್ಯೂಟರನ್ನು ಹೀಗೆಯೇ ಒಂದು ಅಂಗೈಯಗಲದ ಬೋರ್ಡಿನಲ್ಲಿ ಕಟ್ಟಿ, ವಿನ್ಯಾಸವನ್ನೆಲ್ಲ ಜಗತ್ತಿಗೆ ಬಿಟ್ಟುಕೊಟ್ಟ. ಮುಂದೆ 2017ರಲ್ಲಿ ಅಲೆಕ್ಸೆ ಮೆಲ್ನಿಕೊವ್ ಶುರುಮಾಡಿದ ಮಿಸ್ಟರ್ ಎಂಬ ಏರ್ಪಾಡು ಒಂದೇ ಎಫ್‌ಪಿಜಿಎ ಬೋರ್ಡಿನ ಮೇಲೆ ಹತ್ತಾರು ಹಳೆಯ ಯಂತ್ರಗಳನ್ನು ನಡೆಸುತ್ತದೆ. ಜತೆಗೆ ಬೇಕಾದ ಚಿಕ್ಕ ಬೋರ್ಡುಗಳನ್ನು ಜನ ಮನೆಯಲ್ಲೇ ಬೆಸೆದುಕೊಳ್ಳುತ್ತಾರೆ. ಇಷ್ಟಾದರೂ ಸಿಡ್ ಚಿಪ್ ಇನ್ನೂ ಪೂರ್ತಿ ಮಣಿದಿಲ್ಲ. ಅದರ ಫಿಲ್ಟರ್ ಅನಲಾಗ್, ಸೊನ್ನೆ-ಒಂದುಗಳ ಲೆಕ್ಕಕ್ಕೆ ಸಿಗದು. ಒಂದೇ ಕಾರ್ಖಾನೆಯಿಂದ ಬಂದ ಎರಡು ಚಿಪ್ಪುಗಳ ನಾದವೇ ಬೇರೆ ಬೇರೆ. ಹಾಗಾಗಿ ಜನ ಬಿಡಿಬಿಡಿ ಚಿಪ್ಪುಗಳನ್ನು ಅಳೆದು, ಯಾವುದರ ನಾದ ಬೇಕೆಂದು ಆರಿಸಿಕೊಳ್ಳುತ್ತಿದ್ದಾರೆ.

ನಮ್ಮಲ್ಲಿ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬೆಸುಗೆ ಕಡ್ಡಿಯಿಂದ ಹಿಡಿದು ಬೇಕಾದ್ದೆಲ್ಲ ಸಿಗುತ್ತದೆ, ಸಾಮಗ್ರಿಯ ಕೊರತೆ ಇಲ್ಲ. ಮತ್ತೆ ಕಟ್ಟಬೇಕಾದ ನಮ್ಮದೇ ಯಂತ್ರಗಳೂ ಇವೆ. ಎಂಜಿನಿಯರಿಂಗ್, ಡಿಪ್ಲೊಮಾ ಓದಿದವರು 8085 ಕಿಟ್ ಮರೆತಿರಲಾರರು. ಆಲನ್ ಅನುಕರಿಸಿದ 8080ರ ನೇರ ಉತ್ತರಾಧಿಕಾರಿ ಅದು. ಕೆಂಪು ಅಂಕಿಗಳ ಪಟ್ಟಿ, ಹೆಕ್ಸ್ ಕೀಲಿಗಳು, ಒಂದೊಂದೇ ಸಂಖ್ಯೆ ಒತ್ತಿ ಪ್ರೋಗ್ರಾಂ ತುಂಬುವುದು. ದೇಶದೊಳಗೇ ಎಷ್ಟೋ ಸಣ್ಣ ತಯಾರಕರು ತಮ್ಮ ತಮ್ಮ ಬಗೆಯಲ್ಲಿ ಅವನ್ನು ಮಾಡಿದರು. ಈಗ ಲ್ಯಾಬುಗಳಿಂದ ಅವು ಗುಜರಿಗೆ ಹೋಗುತ್ತಿವೆ, ನನಗೆ ಇದರ ನೋವು ಬಹಳ. 8085 ಚಿಪ್ಪಿನ ವಿವರ ಇವತ್ತಿಗೂ ಕೈಪಿಡಿಯಲ್ಲಿ ಸಿಗುತ್ತದೆ. ಆದರೆ ಕೀಲಿ ಒತ್ತಿದಾಗ ಕಿಟ್ ಹೇಗೆ ಉತ್ತರಿಸುತ್ತಿತ್ತು ಎನ್ನುವುದು ಅದರ ಮಾನಿಟರ್ ಪ್ರೋಗ್ರಾಮಿನಲ್ಲಿದೆ, ಆ ಪ್ರೋಗ್ರಾಂ ಇರುವುದು ಬೋರ್ಡಿನ ಮೇಲಿನ ಇಪ್ರಾಮ್ ಚಿಪ್ಪಿನಲ್ಲಿ.

ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ, ಅದಕ್ಕೆ ಅಂಟಿಸಿದ ಚೀಟಿ, ಇದು ಅದರ ಗುರುತು. ಚೀಟಿ ಕೀಳಬೇಡಿ, ಅತಿನೇರಳೆ ಬೆಳಕು ತಾಗುತ್ತಿದ್ದರೆ ಒಳಗಿನದು ಅಳಿಯುತ್ತದೆ. ಬಿಟ್ಟರೂ ದಶಕಗಳಲ್ಲಿ ಅದರ ವಿದ್ಯುದಾವೇಶ ತಾನಾಗಿ ಸೋರುತ್ತದೆ. ಕೇಳುತ್ತಿರುವವರಲ್ಲಿ ಯಾರಾದರೂ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರಿದ್ದರೆ ನನ್ನ ಕೋರಿಕೆ ಇಷ್ಟೇ: ಕಿಟ್ ಹೊರಗೆ ಹೋಗುವ ಮುನ್ನ ಆ ಚಿಪ್ಪನ್ನು ಇಪ್ರಾಮ್ ಓದುವ ಸಾಧನದಲ್ಲಿಟ್ಟು ಪ್ರತಿ ತೆಗೆದುಕೊಳ್ಳಿ. ಬೋರ್ಡಿನ ಎರಡೂ ಬದಿಯ ಫೋಟೋ ತೆಗೆಯಿರಿ. ಕಿಟ್ಟಿನ ಜತೆ ಬಂದ ಸರ್ಕೀಟ್ ನಕ್ಷೆ ಬೀರುವಿನಲ್ಲಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಇಷ್ಟು ಸಿಕ್ಕರೆ ಎಫ್‌ಪಿಜಿಎ ಕಲಿಯುತ್ತಿರುವ ನಿಮ್ಮದೇ ವಿದ್ಯಾರ್ಥಿಯೊಬ್ಬಳು ಒಂದು ಸೆಮಿಸ್ಟರಿನಲ್ಲಿ ಅದನ್ನು ಮತ್ತೆ ಕಟ್ಟಬಲ್ಲಳು.